ನಮ್ಮ ಧನ್ಯಾಳ ತಿಂಡಿ ಪೆಟ್ಟಿಗೆ

ನಾನು ಲಿಂಗಪ್ಪ ನಾಯ್ಕ, ಭಟ್ಕಳ–ಕುಮಟಾ ಬಸ್ಸಿನ ಕಂಡಕ್ಟರ್. ಚಿಲ್ಲರೆಯ ವಿಷಯಕ್ಕೆ ನನ್ನ ಜೊತೆ ಜಗಳ ಆಡದವರು ಈ ಹೆದ್ದಾರಿಯಲ್ಲಿ ಕಡಿಮೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಅವಳು ಹೇಳುವ ಮಾತೆಲ್ಲ ಸುಳ್ಳಲ್ಲ. ಅಂಥ ನಾನು ರಜೆಯ ದಿನವೊಂದನ್ನು ಫ್ರಿಜ್ಜಿನ ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಬಾಯಿ ಮುಚ್ಚಿಕೊಂಡು ಕೂತು ಕಳೆದೆ ಎಂದರೆ ನಮ್ಮ ಡಿಪೋದಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನು ಹೇಳಹೊರಟದ್ದು ನನ್ನ ಕತೆಯಲ್ಲ, ನನ್ನ ಅಕ್ಕನ ಮಗಳು ಧನ್ಯಾಳದ್ದು. ಅವಳ ಸುದ್ದಿ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಧನ್ಯಾ ಮಂಕಿಯವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಭಟ್ಕಳದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಾಳೆ. ಬೆಳಿಗ್ಗೆ ನನ್ನದೇ ಬಸ್ಸಿಗೆ ಹತ್ತುತ್ತಾಳೆ. ಹತ್ತಿದವಳು ಎಲ್ಲರ ಹಾಗೆ ಮೊಬೈಲು ನೋಡುವುದಿಲ್ಲ, ಜನರ ಕೈ ನೋಡುತ್ತಾಳೆ. ಹಿಂದಿನ ಬಾಗಿಲಿನ ಹಿಡಿಕೆ ತೀರ ಎತ್ತರದಲ್ಲಿದೆ, ವಯಸ್ಸಾದ ಹೆಂಗಸರು ಅದನ್ನು ಬಿಟ್ಟು ಸೀಟಿನ ಬೆನ್ನು ಹಿಡಿದು ಹತ್ತುತ್ತಾರೆ ಎಂದು ನನಗೆ ತೋರಿಸಿಕೊಟ್ಟವಳು ಅವಳು. ಅದೇ ಬಾಗಿಲಲ್ಲಿ ಅಷ್ಟು ವರ್ಷ ನಿಂತು "ಬೇಗ ಹತ್ತಿ, ಬೇಗ ಹತ್ತಿ" ಎಂದು ಕೂಗುತ್ತಿದ್ದವನು ನಾನು.

ಅವಳ ಅಪ್ಪ, ಅಂದರೆ ನನ್ನ ಬಾವ ದುರ್ಗಪ್ಪ, ಮೀನಿನ ಲಾರಿಯ ಡ್ರೈವರ್ ಆಗಿದ್ದ. ಸಕ್ಕರೆ ಕಾಯಿಲೆ ಬಂದರೂ ಸ್ಟೇರಿಂಗ್ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಹೊನ್ನಾವರದಲ್ಲಿ ಡಾಕ್ಟರಿಗೆ ತೋರಿಸಿ ಮಂಕಿಗೆ ವಾಪಸು ಹೊರಟವನು ಬಸ್‌ಸ್ಟ್ಯಾಂಡಿನಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದುಬಿಟ್ಟ. ಸೊಂಟದ ಮೂಳೆ ಮುರಿಯಿತು. ಲಾರಿ ಅಲ್ಲಿಗೇ ಮುಗಿಯಿತು. ಈಗ ಕೋಲು ಹಿಡಿದು ಮನೆಯಿಂದ ಅಂಗಡಿಯವರೆಗೆ ಹೋಗಿ ಬರುತ್ತಾನೆ. ಹೇಗಾಯಿತು ಎಂದು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: "ಗುಳಿಗೆ ತಕಂಡಿದ್ದೆ. ತಿನ್ನೂಕೆ ಎಂತದೂ ಇರ್ಲಿಲ್ಲ."

ನನಗೆ ಆ ಮಾತು ಸರಿ ಎನ್ನಿಸಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಿಗುವುದು ಎಣ್ಣೆ ಸೋರುವ ಬಜೆ, ಬನ್ಸು, ಬಿಸ್ಕತ್ತು, ಬಣ್ಣದ ನೀರು. ಸಕ್ಕರೆಯವರು ಅದನ್ನು ತಿನ್ನುವುದೂ ಒಂದೇ, ಬಿಡುವುದೂ ಒಂದೇ. ನಾನು ಎಲ್ಲರ ಹಾಗೆ ನಿಟ್ಟುಸಿರು ಬಿಟ್ಟು ಸುಮ್ಮನಾದೆ. ಧನ್ಯಾ ಸುಮ್ಮನಾಗಲಿಲ್ಲ.

"ಇಲ್ಲ ಹೇಳಾದ್ರೆ ಇಡ್ಬೇಕು ಮಾವ," ಅಂದಳು.

ಇಡುವುದು ಎಂದರೆ ಗೂಡಂಗಡಿಯಲ್ಲ. ಅವಳ ತಲೆಯಲ್ಲಿದ್ದದ್ದು ಒಂದು ಯಂತ್ರ. ನಾವು ಎದುರು ಹೋಗಿ ನಿಂತರೆ ಅದು ಕನ್ನಡದಲ್ಲಿ ಮಾತಾಡಿಸಬೇಕು, ಎಂಥದ್ದು ಬೇಕು ಎಂದು ಕೇಳಿ ತಿಳಿಯಬೇಕು, ನಮ್ಮ ಮೈಗೆ ಆಗುವ ತಿಂಡಿಯನ್ನು ಕೈಗೆ ಕೊಡಬೇಕು. ರಾಗಿ ಉಂಡೆ, ಬೇಯಿಸಿದ ಕಡಲೆ, ಮೊಳಕೆ ಹೆಸರು, ಬಾಳೆಹಣ್ಣು, ಮಜ್ಜಿಗೆ, ಸಕ್ಕರೆ ಹಾಕದ ಮುರುಗಲು ಹಣ್ಣಿನ ಪಾನಕ. ಪರದೆ ಓದಲು ಬಾರದವರಿಗೂ ಅದು ದಕ್ಕಬೇಕು, ಅದಕ್ಕೇ ಮಾತು.

ಮೊದಲ ಮಾದರಿ ತಯಾರಾದದ್ದು ಮಂಕಿಯ ಮನೆಯ ಅಡುಗೆಕೋಣೆಯಲ್ಲಿ, ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ. ಒಂದೊಂದು ಹಾಳೆಯೂ ಒಂದೊಂದು ಪರದೆ. ಅಕ್ಕ ಮಾದೇವಿ ಹಾಳೆಯ ಮೇಲಿನ ಚಿತ್ರವನ್ನು ಬೆರಳಿನಿಂದ ಒತ್ತಿದರೆ ಧನ್ಯಾ ಮುಂದಿನ ಹಾಳೆ ಇಡುತ್ತಿದ್ದಳು. ಮೀನು ಹುರಿಯುವುದನ್ನು ಬಿಟ್ಟು ಕಾಗದ ಒತ್ತುತ್ತಾ ಕೂತ ಅಕ್ಕನನ್ನು ನೋಡಿ ನಾನು ನಕ್ಕಿದ್ದೇ ನಕ್ಕಿದ್ದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಮನೆಯ ಹುಡುಗಿ ಮಾಡಿದ್ದು ಯಾವಾಗಲೂ ಆಟವಾಗಿಯೇ ಕಾಣುತ್ತದೆ.

ಆಮೇಲೆ ಕುಮಟಾ ಬಸ್‌ಸ್ಟ್ಯಾಂಡಿಗೆ ಹೋದಳು. ಒಂದು ಹಲಗೆಗೆ ಹಾಳೆ ಸಿಕ್ಕಿಸಿ, ಹಿಂದೆ ಸಣ್ಣ ಸ್ಪೀಕರ್ ಕಟ್ಟಿ ನಿಲ್ಲಿಸಿದಳು. ಅದು ಮೊದಲ ಮಾತಿಗೇ ದೊಡ್ಡ ದನಿಯಲ್ಲಿ, "ನಿಮಗೆ ಸಕ್ಕರೆ ಕಾಯಿಲೆ ಇದೆಯೇ?" ಎಂದು ಕೇಳಿತು. ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು. ಎದುರಿಗಿದ್ದ ಮನುಷ್ಯ ಬಿಳಿಚಿಕೊಂಡು, "ನಮ್ಮ ಮನೆತನ್ದಲ್ಲೇ ಯಾರಿಗೂ ಇಲ್ಲ" ಎಂದು ಹೇಳಿ ಹೊರಟುಹೋದ. ಅವನ ಚೀಲದಿಂದ ಔಷಧದ ಪೊಟ್ಟಣ ಇಣುಕುತ್ತಿತ್ತು. ನಾನಾಗಿದ್ದರೆ ಅವನನ್ನು ಕರೆದು ಸುಳ್ಳು ಯಾಕೆ ಹೇಳುತ್ತೀ ಎಂದು ಕೇಳುತ್ತಿದ್ದೆ. ಧನ್ಯಾ ಕೇಳಲಿಲ್ಲ. ಪ್ರಶ್ನೆಯನ್ನೇ ಬದಲಿಸಿದಳು: "ಸಿಹಿ ಬೇಕಾ, ಸಿಹಿ ಇಲ್ಲದ್ದು ಬೇಕಾ?" ಅಷ್ಟೇ. ಯಾರ ಮರ್ಯಾದೆಯೂ ಹೋಗದೆ ಕೆಲಸ ಆಯಿತು. ಕಂಡಕ್ಟರನ ಲೆಕ್ಕದಲ್ಲಿ ತಪ್ಪು ಯಾವತ್ತೂ ಪ್ರಯಾಣಿಕನದ್ದೇ. ಇವಳ ಲೆಕ್ಕ ತಿರುಗುಮುರುಗು.

ಇಷ್ಟಾಗುವಾಗ ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮೂಲೆ ಖಾಲಿಯಾಯಿತು. ರೈತರ ಸಹಕಾರಿ ಸಂಘವೊಂದು ಅದನ್ನು ಬಾಡಿಗೆಗೆ ಹಿಡಿಯಿತು. ಸಂಘದ ಅಧ್ಯಕ್ಷರು ವಿಘ್ನೇಶ್ವರ ಹೆಗಡೆಯವರು, ಮಾತು ಕಡಿಮೆ, ಕೊಟ್ಟ ಮಾತಿಗೆ ತಪ್ಪುವವರಲ್ಲ. ಅವರ ಸದಸ್ಯರಲ್ಲಿ ಹೆಚ್ಚಿನವರಿಗೆ ಅಲ್ಲಿ ಯಾವುದೋ ಕಂಪನಿಯ ತಂಪು ಪಾನೀಯದ ಯಂತ್ರ ಇಡುವ ಮನಸ್ಸಿತ್ತು. ಕಂಪನಿಯವರೇ ತಂದು, ಅವರೇ ತುಂಬಿಸುತ್ತಾರೆ, ಸಂಘಕ್ಕೆ ತಲೆನೋವಿಲ್ಲ. ಧನ್ಯಾ ತನ್ನ ಕ್ಯಾಲೆಂಡರ್ ಹಾಳೆಗಳನ್ನು ಹಿಡಿದು ಹೆಗಡೆಯವರ ಮನೆ ಬಾಗಿಲಿಗೆ ಹೋದಳು. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರಂತೆ:

"ನೋಡು ತಂಗಿ, ಒಂದು ಬೆಳಿಗ್ಗೆ ಕೊಡ್ತೇನೆ. ಅಲ್ಲೇ ಬಂದು ಕೂತು ನೋಡ್ತೇನೆ. ಗುರುತಿಲ್ಲದ ಜನ ಬಂದು, ತಾವಾಗೇ ತಕಂಡು ತಿಂದ್ರೆ ಸಂಘದಿಂದ ನಿನ್ನ ಯಂತ್ರ ಮಾಡ್ಸುವ. ಇಲ್ಲದಿದ್ರೆ ಮುಂದಿನ ವಾರ ಕಂಪನಿಯವ್ರು ಬರ್ತಾರೆ. ಆತಾ?"

"ಆತು," ಎಂದು ಬಂದಳು.

ಯಂತ್ರವೇ ಇಲ್ಲದೆ ಯಂತ್ರದ ಪರೀಕ್ಷೆ ಹೇಗೆ? ಅದಕ್ಕೇ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ, ಅದಕ್ಕೇ ಒಳಗೆ ನಾನು. ಮುಂದೆ ಬಣ್ಣದ ಕಾಗದ, ತಿಂಡಿ ಕಾಣಲು ಪಾರದರ್ಶಕ ಹಾಳೆ, ತಿಂಡಿ ಹೊರಬರಲು ಒಂದು ಕಿಂಡಿ, ಅದಕ್ಕೊಂದು ರಟ್ಟಿನ ಮುಚ್ಚಳ, ಪಕ್ಕದಲ್ಲಿ ದುಡ್ಡು ಹಾಕಲು ಒಂದು ಡಬ್ಬಿ. ನನ್ನ ಕಣ್ಣಿಗೆ ಒಂದು ಸೀಳು. ನನ್ನ ಕೈಯಲ್ಲಿ ಧನ್ಯಾಳ ದನಿ ತುಂಬಿದ ಮೊಬೈಲು. ಜನ ಏನು ಹೇಳುತ್ತಾರೋ ಅದಕ್ಕೆ ಸರಿಯಾದ ಉತ್ತರ ಒತ್ತುವುದು, ತಿಂಡಿ ಜಾರಿಸುವುದು, ಇಷ್ಟೇ ನನ್ನ ಕೆಲಸ. ದೊಡ್ಡ ದೊಡ್ಡ ಕಡೆಯೂ ಮೊದಲು ಹೀಗೇ ಮಾಡಿ ನೋಡುತ್ತಾರಂತೆ. ಇರಬಹುದು. ಅಲ್ಲಿ ಇಷ್ಟು ಸೆಕೆ ಇರಲಿಕ್ಕಿಲ್ಲ.

"ಮಾವ, ನೀನು ಬಾಯಿ ಬಿಡೂಕಿಲ್ಲ," ಎಂದು ಧನ್ಯಾ ಮತ್ತೆ ಮತ್ತೆ ಹೇಳಿದಳು. "ಬೇಕು ಅಂದ್ರೆ ಮುಂದಿನ ಪ್ರಶ್ನೆ ಒತ್ತು. ಬೇಡ ಅಂದ್ರೆ ಧನ್ಯವಾದ ಒತ್ತಿ ಮುಚ್ಚಳ ಹಾಕು."

ಬೆಳಗಿನ ಬಸ್ಸುಗಳು ಬರತೊಡಗಿದವು. ಹೆಗಡೆಯವರು ಎದುರಿನ ಬೆಂಚಿನಲ್ಲಿ ಕೂತರು. ಬಾವ ದುರ್ಗಪ್ಪನೂ ಕೋಲು ಹಿಡಿದು ಬಂದು, ದೂರದ ಇನ್ನೊಂದು ಬೆಂಚಿನಲ್ಲಿ ನಮ್ಮ ಸಂಬಂಧವೇ ಇಲ್ಲದವನ ಹಾಗೆ ಕೂತ. ಧನ್ಯಾ ಕಂಬದ ಪಕ್ಕ ನಿಂತಳು.

ಮೊದಲು ಬಂದವಳು ಗಂಗಿ. ಮೀನು ಮಾರಿ ಮುಗಿಸಿ ಖಾಲಿ ಬುಟ್ಟಿ ಹಿಡಿದು ಮನೆಗೆ ಹೊರಟವಳು. ನನ್ನ ಬಸ್ಸಿನ ಕಾಯಂ ಗಿರಾಕಿ. ಒಳಗೆ ಇರುವುದು ನಾನು ಎಂದು ಗೊತ್ತಾಗಿದ್ದರೆ ಅಲ್ಲೇ ಜಗಳ ಶುರು ಮಾಡುತ್ತಿದ್ದಳು. ಪೆಟ್ಟಿಗೆಯ ಎದುರು ನಿಂತು ರಾಗಿ ಉಂಡೆಯನ್ನು ಚೆನ್ನಾಗಿ ನೋಡಿದಳು. ನಾನು ಒತ್ತಿದೆ.

"ನಮಸ್ಕಾರ. ಏನಾದರೂ ತಿನ್ನುತ್ತೀರಾ?" ಎಂದಿತು ಧನ್ಯಾಳ ದನಿ.

ಗಂಗಿ ಸೆರಗು ಸರಿಮಾಡಿಕೊಂಡು, "ಬ್ಯಾಡ ಬ್ಯಾಡ, ಈಗಷ್ಟೇ ಚಾ ಆತು," ಅಂದಳು.

ಅಪ್ಪಣೆಯಂತೆ ನಾನು ಧನ್ಯವಾದ ಒತ್ತಿ ಮುಚ್ಚಳ ಹಾಕಿದೆ. ಗಂಗಿ ಅಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತು ಮುಚ್ಚಳವನ್ನೇ ನೋಡಿದಳು. ಆಮೇಲೆ, "ಇದೆಂತ ಪೆಟ್ಗಿ. ಮುಖದ ಮೇಲೆ ಬಾಗ್ಲು ಹಾಕ್ತದೆ. ನಮ್ಮನೇಲಿ ನಾಯಿಗೂ ಹಿಂಗೆ ಮಾಡೂದಿಲ್ಲ," ಎಂದು ಬೆಂಚಿಗೆ ಹೋಗಿ ಕೂತಳು.

ಅವಳ ಹಿಂದೆ ಒಬ್ಬ ಮೇಷ್ಟ್ರು. "ಬೇಡ, ಮನೇಲಿ ಆಗಿದೆ." ಕೈಗೂಸು ಎತ್ತಿಕೊಂಡ ಒಬ್ಬ ಹೆಂಗಸು. "ಬೇಡ, ಬಸ್ ಬರ್ತದೆ." ಭಟ್ಕಳಕ್ಕೆ ಹೊರಟಿದ್ದ ಇಬ್ಬರು ಬಟ್ಟೆ ವ್ಯಾಪಾರಿಗಳು, ಇಬ್ಬರೂ ಒಟ್ಟಿಗೆ, "ಬೇಡ." ಒಬ್ಬೊಬ್ಬರೂ ಬೇಡ ಅಂದು ಒಂದು ಗಳಿಗೆ ನಿಲ್ಲುತ್ತಿದ್ದರು, ನಾನು ಮುಚ್ಚಳ ಹಾಕುತ್ತಿದ್ದೆ, ಅವರು ಹೋಗುತ್ತಿದ್ದರು. ಬೇಡ ಅಂದವರ ಕಣ್ಣು ಮಾತ್ರ ಕಡಲೆಯ ಮೇಲೆಯೇ. ಒಳಗೆ ಕೂತ ನನಗೆ ಮೈಯೆಲ್ಲ ಉರಿಯಿತು. ಸೀಳಿನಿಂದ ನೋಡಿದರೆ ಹೆಗಡೆಯವರು ವಾಚು ನೋಡಿಕೊಳ್ಳುತ್ತಿದ್ದರು. ಕಂಪನಿಯ ಯಂತ್ರ ಆ ಮೂಲೆಯಲ್ಲಿ ಆಗಲೇ ಬಂದು ನಿಂತಂತೆ ನನಗೆ ಕಂಡಿತು.

ಜನ ಕಡಿಮೆಯಾದಾಗ ಧನ್ಯಾ ಪೆಟ್ಟಿಗೆಯ ಹಿಂದಿನ ಬಾಗಿಲು ತೆರೆದು ನೀರು ಕೊಟ್ಟಳು. ಮುಖ ಬಾಡಿತ್ತು. ನಾನು ಪಿಸುಗುಟ್ಟಿದೆ: "ಈಗ ಕುಮಟಾದಿಂದ ದಾಸನ ಬಸ್ ಬರ್ತದೆ. ಅವ್ನು ನನ್ನ ಜೊತೆ ಕೆಲಸ ಮಾಡ್ದವ. ಒಂದ್ ಮಾತು ಹೇಳಿದ್ರೆ ಬಸ್ಸಿಗೆ ಬಸ್ಸೇ ಇಳಿಸಿ ಇಲ್ಲಿ ಸಾಲು ನಿಲ್ಲಿಸ್ತಾನೆ. ಹೆಗ್ಡೇರಿಗೆ ಎಂತ ಗೊತ್ತಾಗ್ತದೆ?"

"ಬೇಡ ಮಾವ."

"ಹಂಗಾರೆ ನಾನೇ ಒಂದ್ ನಾಲ್ಕು ಮಾತಾಡ್ತೆ ಒಳಗಿಂದ. ತಿನ್ನದೆ ಎಲ್ಲಿ ಹೋಗ್ತಾರೆ ನೋಡ್ವ."

"ನೀನು ಮಾತಾಡಿದ್ರೆ ಅವ್ರು ನಿನ್ನ ಮಾತಿಗೆ ತಿಂದ ಹಾಂಗೆ ಆಗ್ತದೆ. ನಾಳೆ ಯಂತ್ರದೊಳಗೆ ನೀನು ಇರೂದಿಲ್ಲ," ಅಂದಳು. "ಸೋತ್ರೆ ಸೋಲುವ. ಸುಳ್ಳು ಗೆಲ್ಲೂದು ಬೇಡ."

ಎರಡು ವರ್ಷದ ಕೆಲಸ ಕಣ್ಣೆದುರೇ ಮುಳುಗುವಾಗ ಇಪ್ಪತ್ತಾರರ ಹುಡುಗಿ ಈ ಮಾತು ಹೇಳಿದಳು. ನನಗೆ ಸಿಟ್ಟೂ ಬಂತು, ಎದೆಯೂ ತುಂಬಿತು. ಬೈಯುವ ಬದಲು ನೀರು ಕುಡಿದೆ.

ಅವಳು ಪೆಟ್ಟಿಗೆಯೊಳಗಿಂದ ಎರಡು ರಾಗಿ ಉಂಡೆಯನ್ನು ಎಲೆಯ ಮೇಲೆ ಇಟ್ಟುಕೊಂಡು ಹೆಗಡೆಯವರ ಹತ್ತಿರ ಹೋದಳು. ಪರೀಕ್ಷೆಗಲ್ಲ, ಬೆಳಿಗ್ಗೆಯಿಂದ ನಮಗಾಗಿ ಕೂತ ಹಿರಿಯರು, ಬರಿಗೈಯಲ್ಲಿ ಕಳಿಸಬಾರದು ಎಂದು. ಬೆಂಚು ನನ್ನ ಸೀಳಿಗೆ ಎದುರೇ ಇತ್ತು, ಎಲ್ಲ ಕೇಳುತ್ತಿತ್ತು.

"ಒಂದು ಉಂಡೆ ತಕಳಿ," ಅಂದಳು.

"ಬೇಡ, ಈಗಷ್ಟೇ ಆಸ್ರಿಗೆ ಚಾ ಕುಡ್ಕಂಡು ಬಂದೆ," ಎಂದರು ಹೆಗಡೆಯವರು.

"ಹಾಂಗೆ ಹೇಳೂಕಾಗ. ಸ್ವಲ್ಪ ಆದ್ರೂ ತಕಳಿ," ಎಂದು ಧನ್ಯಾ ಎಲೆಯನ್ನು ಇನ್ನಷ್ಟು ಮುಂದೆ ಹಿಡಿದಳು.

"ಇಷ್ಟು ಹೇಳ್ತಿ ಹೇಳಾದ್ರೆ..." ಎಂದು ಅವರು ಉಂಡೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

ಧನ್ಯಾ ಎಲೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ, ಹಾಗೇ ನಿಂತುಬಿಟ್ಟಳು. ಆಮೇಲೆ ಹೆಗಡೆಯವರ ಬಾಯಿ, ಮುಚ್ಚಳ ಹಾಕಿದ ನನ್ನ ಪೆಟ್ಟಿಗೆ, ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತ ಗಂಗಿ, ಎಲ್ಲವನ್ನೂ ಒಂದು ಸುತ್ತು ನೋಡಿದಳು. ನೋಡಿ ಜೋರಾಗಿ ನಕ್ಕಳು.

"ಎಂತಾತು?" ಎಂದರು ಹೆಗಡೆಯವರು.

"ನಾನು ನಿಮ್ಮನ್ನ ಎರಡು ಸಲ ಕೇಳ್ದೆ," ಅಂದಳು. "ನನ್ನ ಪೆಟ್ಟಿಗೆ ಒಂದೇ ಸಲ ಕೇಳ್ತದೆ."

ನೋಡಿ, ಇದು ನಮಗೆ ಯಾರಿಗಾದರೂ ಗೊತ್ತಿಲ್ಲದ್ದೇ? ನಮ್ಮ ಕಡೆ ಮನೆಗೆ ಹೋದವರಿಗೆ ಚಾ ಕುಡಿಯುತ್ತೀರಾ ಎಂದು ಕೇಳಿದರೆ ಮೊದಲು ಬೇಡ ಎನ್ನಬೇಕು. ಮತ್ತೊಮ್ಮೆ ಕೇಳಿದಾಗ ಅರ್ಧ ಲೋಟ ಸಾಕು ಎನ್ನಬೇಕು. ಆಮೇಲೆ ತುಂಬಿದ ಲೋಟ ಬಂದರೆ ಕುಡಿಯಬೇಕು. ಕೇಳಿದ ಕೂಡಲೇ ಹೂಂ ಅಂದವನು ಉಣ್ಣದೆ ಬಂದವನು. ಒಂದೇ ಸಲ ಕೇಳಿ ಸುಮ್ಮನಾದ ಮನೆಯವರು ಕೊಡುವ ಮನಸ್ಸಿಲ್ಲದವರು. ಧನ್ಯಾಳೂ ದಿನಾ ಮಾಡುವುದು ಅದನ್ನೇ. ಆದರೆ ಪೆಟ್ಟಿಗೆಗೆ ಮಾತು ಕಲಿಸುವಾಗ ಅವಳಿಗಾಗಲಿ, ಮುಚ್ಚಳ ಹಾಕುತ್ತಾ ಕೂತ ನನಗಾಗಲಿ ಅದು ಹೊಳೆದಿರಲಿಲ್ಲ. ಮನೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಅಕ್ಕನಿಗೆ ಮೊದಲೇ ಹೇಳಿಟ್ಟಿದ್ದೆವು, ಅವಳು ಹೇಳಿದಂತೆ ಒತ್ತಿದ್ದಳು. ಕುಮಟಾದಲ್ಲಿ ಇದ್ದದ್ದು ಬರೀ ಹಾಳೆ, ಗುರುತಿಲ್ಲದ ಜನರ ಎದುರು ನಿಜವಾದ ತಿಂಡಿ ಹಿಡಿದದ್ದು ಅವತ್ತೇ ಮೊದಲು.

ಹೆಗಡೆಯವರು ಬಾಯಿ ಒರೆಸಿಕೊಂಡು ಕೇಳಿದರು: "ಕೇಳೂದನ್ನೇ ತೆಗೆದುಬಿಟ್ರೆ? ಎಂತ ಬೇಕು ಹೇಳಿ ಅಂಗಡಿಯವ್ರ ಹಾಂಗೆ ಕೇಳಿದ್ರಾತು."

"ಅಂಗಡಿ ಹಾಂಗೆ ಕೇಳಿದ್ರೆ ಬಜೆ ಕೊಡು ಹೇಳ್ತಾರೆ. ಇದು ಅವ್ರು ಬೇಕು ಹೇಳಿ ಬಂದ ತಿಂಡಿ ಅಲ್ಲ. ಕರ್ದು ಕೂರ್ಸಿ ಬಡಿಸ್ಬೇಕು. ನಂಗೆ ಸ್ವಲ್ಪ ಹೊತ್ತು ಕೊಡಿ."

ಹೆಗಡೆಯವರು ಮತ್ತೆ ವಾಚು ನೋಡಲಿಲ್ಲ. ಧನ್ಯಾ ಸ್ಟ್ಯಾಂಡಿನ ಹಿಂದೆ, ನಿಂತಿದ್ದ ಬಸ್ಸೊಂದರ ಮರೆಗೆ ಹೋಗಿ ಮೊಬೈಲಿನಲ್ಲಿ ಹೊಸ ಮಾತು ತುಂಬಿಕೊಂಡು ಬಂದಳು. ಬೇಡ ಅಂದರೆ ಮುಚ್ಚಳ ಹಾಕುವಂತಿಲ್ಲ, ಎರಡನೆಯ ಮಾತು ಒತ್ತಬೇಕು. ಅದಕ್ಕೂ ಬೇಡ ಅಂದರೆ ಮೂರನೆಯದು, "ಆಗಲಿ, ಮತ್ತೆ ಯಾವಾಗಾದ್ರೂ ಬನ್ನಿ," ಎಂದು. ಆಗಲೂ ಮುಚ್ಚಳ ತೆರೆದೇ ಇರಬೇಕು.

"ಇನ್ನೂ ಒಂದ್ ಸಲ ಕೇಳಿದ್ರೆ ಎಂತ ಹೋಗ್ತದೆ?" ಅಂದೆ ನಾನು.

"ಎರಡನೇ ಸಲವೂ ಬೇಡ ಅಂದವ್ರಿಗೆ ನಿಜವಾಗೂ ಬೇಡ. ಅವ್ರನ್ನ ಕಾಡಬಾರ್ದು," ಅಂದಳು.

ಮುಂದಿನ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಬಿಳಿ ಅಂಗಿಯ ಒಬ್ಬರು ಪೆಟ್ಟಿಗೆಯ ಎದುರು ನಿಂತರು. ತಿನ್ನುತ್ತೀರಾ ಎಂದು ಕೇಳಿತು. ಬೇಡ, ಆಗಿದೆ ಎಂದರು. ನಾನು ಎರಡನೆಯದನ್ನು ಒತ್ತಿದೆ.

"ಹಾಂಗೆ ಹೇಳಬೇಡಿ. ಸ್ವಲ್ಪ ಆದ್ರೂ ತಕಳಿ. ಬಸ್ಸಿಗೆ ಇನ್ನೂ ಹೊತ್ತಿದೆ," ಎಂದಿತು ಧನ್ಯಾಳ ದನಿ, ಹಿಂದೆ ಬಸ್ಸಿನ ಸದ್ದಿನ ಸಮೇತ.

ಅವರು ಒಮ್ಮೆ ಆಚೆ ಈಚೆ ನೋಡಿದರು. "ಹಾಂಗಾರೆ ಒಂಚೂರು ಕಡಲೆ ಕೊಡಿ," ಎಂದರು, ರಟ್ಟಿನ ಪೆಟ್ಟಿಗೆಗೆ ಬಹುವಚನ ಹಾಕಿ. ನಾನು ಕಡಲೆ ಜಾರಿಸಿದೆ. ದುಡ್ಡು ಡಬ್ಬಿಗೆ ಹಾಕಿ ಅಲ್ಲೇ ನಿಂತು ತಿಂದರು, ಮತ್ತೆ ಮಜ್ಜಿಗೆ ಕೇಳಿದರು. ಅವರನ್ನು ನೋಡಿ ಇನ್ನೊಬ್ಬರು. ಅವರೂ ಮೊದಲು ಬೇಡ ಎಂದರು, ಆಮೇಲೆ ಬಾಳೆಹಣ್ಣು ತೆಗೆದುಕೊಂಡರು. ಗಂಗಿ ಬೆಂಚಿನಿಂದಲೇ ಇದನ್ನೆಲ್ಲ ನೋಡುತ್ತಿದ್ದವಳು ಎದ್ದು ಬಂದು, ಯಾರನ್ನೋ ಉದ್ಧಾರ ಮಾಡುವವಳ ಹಾಗೆ ನಿಂತು, ಕೇಳಿಸಿಕೊಂಡು, "ಅಂತೂ ಬುದ್ಧಿ ಬಂತು ಇದಕ್ಕೆ," ಎಂದು ಉಂಡೆ ತೆಗೆದುಕೊಂಡು ಹೋದಳು. ಎರಡು ಸಲವೂ ಬೇಡ ಎಂದವರೂ ಇದ್ದರು, ಅವರು ನಗುತ್ತಾ ಹೋದರು. ಒಳಗೆ ನನ್ನ ಅಂಗಿ ಬೆವರಿಗೆ ಒದ್ದೆಯಾಗಿತ್ತು, ಉಂಡೆಯ ಡಬ್ಬಿ ಖಾಲಿಯಾಗಿತ್ತು. ಅಷ್ಟು ಖುಷಿಯಿಂದ ನಾನು ಯಾವ ಬಸ್ಸಿನಲ್ಲೂ ನಿಂತು ದುಡಿದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆಗಡೆಯವರು ಎದ್ದು ಬಂದರು.

"ಧನ್ಯಾ, ಯಂತ್ರ ಮಾಡ್ಸುವ. ಕಂಪನಿಯವ್ರಿಗೆ ನಾನು ಬೇಡ ಹೇಳ್ತೇನೆ," ಎಂದರು. ಆಮೇಲೆ ಸ್ವಲ್ಪ ನಕ್ಕು, "ಅವ್ರು ಎರಡು ಸಲ ಕೇಳಿದ್ರೂ ಬೇಡ."

ನಾನು ಪೆಟ್ಟಿಗೆಯನ್ನು ಹರಿದುಕೊಂಡೇ ಹೊರಗೆ ಬಂದೆ. ಬೆಂಚಿನ ಮೇಲಿದ್ದವರು ಹೌಹಾರಿದರು. ಗಂಗಿಯ ಬಸ್ಸು ಅಷ್ಟರಲ್ಲಿ ಹೋಗಿತ್ತು, ನನ್ನ ಪುಣ್ಯ.

ಮಂಕಿಗೆ ವಾಪಸು ಹೋಗುವಾಗ ಬಸ್ಸಿನಲ್ಲಿ ನಾವು ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಬಾವ ಕಿಟಕಿಯ ಪಕ್ಕ, ಧನ್ಯಾ ನಡುವೆ, ನಾನು ಈಚೆ. ಬಾವ ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ಮಗಳ ಗೆಲುವಿನ ದಿನವೂ ಈ ಮನುಷ್ಯನ ಬಾಯಿಂದ ಒಂದು ಒಳ್ಳೆಯ ಮಾತು ಬರುವುದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು. ಶರಾವತಿಯ ಸೇತುವೆ ದಾಟಿದ ಮೇಲೆ ಅವನು ಕೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡ.

"ಧನ್ಯಾ, ಅವತ್ತು ನಾನು ಬಿದ್ದಾಗ ತಿನ್ನೂಕೆ ಎಂತದೂ ಇರ್ಲಿಲ್ಲ ಹೇಳಿದ್ದೆ ಅಲ್ದಾ?" ಅಂದ.

"ಹೌದು ಅಪ್ಪ."

"ಇತ್ತು."

ಧನ್ಯಾ ಅಪ್ಪನ ಕಡೆ ತಿರುಗಿದಳು.

"ಪಕ್ಕದಲ್ಲಿ ಒಬ್ರು ಕೂತಿದ್ರು, ಗುರ್ತಿಲ್ಲದವ್ರು. ಚೀಲದಿಂದ ಬಾಳೆಹಣ್ಣು ತೆಗ್ದು ತಿಂತಿದ್ರು. ನಂಗೂ ಒಂದು ಹಿಡಿದ್ರು. ಹೊಟ್ಟೆ ಉರೀತಿತ್ತು, ಕೈ ನಡುಗ್ತಿತ್ತು. ಆದ್ರೂ ಬಾಯಿಗೆ ಬೇಡ ಹೇಳೇ ಬಂತು. ಇನ್ನೊಂದ್ ಸಲ ಕೇಳ್ತಾರೆ ಹೇಳಿ ಕೂತೆ. ಅಷ್ಟರಲ್ಲಿ ಅವ್ರ ಬಸ್ ಬಂತು. ಎದ್ದು ಹೋದ್ರು."

ನನಗೆ ಸಿಟ್ಟು ಎಲ್ಲಿತ್ತೋ ಅಲ್ಲಿಂದ ಬಂತು. "ಬಾವ, ನೀನೇ ಬಾಯಿ ಬಿಟ್ಟು ಕೇಳೂಕೆ ಎಂತಾಗಿತ್ತು? ಒಂದು ಬಾಳೆಹಣ್ಣಿಗೆ ಸೊಂಟ ಮುರ್ಕಂಡ್ಯಲ್ಲ. ಇಷ್ಟು ದಿನ ಹೇಳ್ಲೂ ಇಲ್ಲ."

"ಹೇಳಿದ್ರೆ ನಿನ್ನ ಅಕ್ಕ ಬಿಡ್ತಿದ್ಳಾ?" ಅಂದ ಬಾವ.

ಧನ್ಯಾ ಅಪ್ಪನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು, ನನ್ನದೂ ಬಹಳ ಬೇರೆಯಾಗಿರಲಿಲ್ಲ.

"ಅವತ್ತು ಅಲ್ಲಿ ನಿನ್ನ ಪೆಟ್ಗಿ ಇದ್ದಿದ್ರೆ," ಎಂದ ಬಾವ, ಕಿಟಕಿಯ ಕಡೆಗೆ ಮುಖ ಮಾಡಿಕೊಂಡು, "ನಾನು ತಿಂತಿದ್ದೆ ಮಗಾ."